ಎರಡನೆಯ ಇಲಿ

ನೂಲಿಗೆ ಸರ್ಕಾರದ ಕಂಟ್ರೋಲು ಬಂದು ನೂಲು ಸಿಗದಾದ ವರ್ಷ ಮಧುಗಿರಿ ಪೇಟೆಯ ಮಗ್ಗದ ಮನೆಯಲ್ಲಿ ನಾಲ್ಕು ಮಗ್ಗಗಳ ಪೈಕಿ ಮೂರು ನಿಂತುಹೋದವು. ಯುದ್ಧ ನಡೆಯುತ್ತಿದ್ದದ್ದು ಬರ್ಮಾದ ಕಡೆಯಂತೆ. ಏಟು ಬಿದ್ದದ್ದು ಇಲ್ಲಿಗೆ. ಕೈಗೆ ಕೆಲಸವಿಲ್ಲದ ಗಂಡಸು ತೆಪ್ಪಗೆ ಕೂತಾನೆಯೇ? ಮನೆಯ ಯಜಮಾನ ನಾಗಲಿಂಗಯ್ಯ ಚರಿತ್ರೆ ಬರೆಯಲು ಕೂತ.

ಚರಿತ್ರೆ ಅಂದರೆ ರಾಜಮಹಾರಾಜರದ್ದಲ್ಲ ಮಾರಾಯರೇ, ತನ್ನ ಮನೆಯದ್ದೇ. ತುಮಕೂರಿನಿಂದ ರಟ್ಟು ಹಾಕಿದ ದಪ್ಪ ಪುಸ್ತಕ ತರಿಸಿದ. ಮೊದಲ ಪುಟದಲ್ಲಿ ‘ಮಧುಗಿರಿ ಮಗ್ಗದ ಮನೆಯವರ ವಂಶಾವಳಿಯೂ ಜವಳಿ ಉದ್ಯೋಗದ ಚರಿತ್ರೆಯೂ’ ಎಂದು ಬರೆದು, ಸುತ್ತಲೂ ಸೀರೆಯ ಅಂಚಿನ ಹಾಗೆ ಬಳ್ಳಿ ಬಿಡಿಸಿದ. ಅಷ್ಟಕ್ಕೇ ಎರಡು ದಿನ ಹಿಡಿಯಿತು. ಒಂದೊಂದು ಸಾಲಿಗೂ ಮುಂಚೆ ಲೇಖನಿಯನ್ನು ಮಸಿ ಕುಡಿಕೆಯಲ್ಲಿ ಅದ್ದಿ, ಕುಡಿಕೆಯ ಬಾಯಿಗೆ ಟಕ್ ಟಕ್ ಅಂತ ಎರಡು ಸಲ ಬಡಿಯುವುದು ಅವನ ಅಭ್ಯಾಸ. ‘ಗೋಡೆಗೆ ಮೊಳೆ ಹೊಡ್ದಂಗೆ ಅದೇನೋ ನಿಂದು!’ ಅಂತ ಅಕ್ಕ ರೇಗುತ್ತಿದ್ದಳು. ಅವನು ಕೇಳಿಸಿಕೊಳ್ಳುವವನೇ ಅಲ್ಲ. ಪುಸ್ತಕ ಮುಗಿದ ಮೇಲೆ ಪಟ್ಟನಾಯಕನಹಳ್ಳಿ ಮಠಕ್ಕೆ ಒಯ್ದು ಸ್ವಾಮಿಗಳ ಮುಂದೆ ಇಟ್ಟು ಆಶೀರ್ವಾದ ಪಡೆಯಬೇಕು, ಮೊಮ್ಮಕ್ಕಳ ಕಾಲಕ್ಕೂ ಅದು ಮನೆಯಲ್ಲಿ ಇರಬೇಕು ಅನ್ನುವುದು ಅವನ ಆಸೆ.

ಅಕ್ಕ ಅಂದರೆ ಚನ್ನಮಲ್ಲಮ್ಮ. ಐವತ್ತನಾಲ್ಕು ವರ್ಷ. ಕೊರಟಗೆರೆಗೆ ಕೊಟ್ಟಿದ್ದರು, ಗಂಡ ಹೋದ, ಮಕ್ಕಳಿಲ್ಲ, ತವರಿಗೆ ಬಂದು ಮೂವತ್ತು ವರ್ಷವಾಗಿತ್ತು. ಅಕ್ಷರ ಬರದು. ಆದರೆ ಮನೆಯ ಕಥೆಯೆಲ್ಲ ಇದ್ದದ್ದು ಅವಳ ಬಾಯಲ್ಲೇ. ಅವಳು ಹೇಳಿದ್ದನ್ನು ತಮ್ಮ ದೊಡ್ಡ ದೊಡ್ಡ ಮಾತು ಹಾಕಿ ಬರೆಯುತ್ತಿದ್ದ, ಮಾರನೆಯ ಬೆಳಗ್ಗೆ ಲಿಂಗಪೂಜೆ ಮುಗಿಸಿ ಅವಳಿಗೇ ಓದಿ ಹೇಳುತ್ತಿದ್ದ.

ಅವಳ ಬಾಯಲ್ಲಿ ಕಥೆ ಉಳಿದದ್ದು ಯಾಕೆ ಅಂದರೆ, ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದೆಳೆಗಳ ಒಂದು ಕಟ್ಟು, ಮುಗಿದಾಗ ಬಟ್ಟೆಯನ್ನು ಕೊಯ್ದುಕೊಂಡರೂ ಹಳೇ ಹಾಸಿನ ತುದಿಯನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೇ ತುದಿಯ ಒಂದೊಂದು ಎಳೆಗೆ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಬೇಕು. ಕೆಚ್ಚುವುದು ಅನ್ನುತ್ತಾರೆ ಅದಕ್ಕೆ. ಎರಡು ಸಾವಿರ ಎಳೆ, ಹೆಂಗಸರ ಕೆಲಸ. ಹಾಗಾಗಿ ಅಜ್ಜ ಪರ್ವತಯ್ಯ ಮೊದಲು ಹಾಸು ಹಾಕಿದ ದಿನದಿಂದ ಮನೆಯ ದೊಡ್ಡ ಮಗ್ಗ ಒಮ್ಮೆಯೂ ಬರಿದಾಗಿಲ್ಲ. ಅದು ಗುಂಡಿ ಮಗ್ಗ. ನೆಲದ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಕೆಚ್ಚುವಾಗ, ಆ ಗುಂಡಿಯಲ್ಲಿ ಕಾಲಿಟ್ಟವರ ಹೆಸರನ್ನೆಲ್ಲ ಮನೆಯ ಹಿರೇ ಹೆಂಗಸು ಹೇಳುವುದು ಪದ್ಧತಿ: ಪರ್ವತಯ್ಯ, ಸಿದ್ದಗಂಗಯ್ಯ, ನಾಗಲಿಂಗಯ್ಯ. ಮೂವತ್ತು ವರ್ಷದಿಂದ ಹೇಳುತ್ತ ಬಂದವಳು ಚನ್ನಮಲ್ಲಮ್ಮ. ಸಿದ್ದಗಂಗಯ್ಯ ಅಂದ ಮೇಲೆ, ನಾಗಲಿಂಗಯ್ಯ ಅನ್ನುವ ಮುಂಚೆ, ಒಂದು ಹೆಸರನ್ನು ನುಂಗಿಕೊಳ್ಳುತ್ತಿದ್ದಳು. ಆ ಹೆಸರು ಈ ಮನೆಯಲ್ಲಿ ಕೇಳಿಸಕೂಡದು ಅಂತ ಅಪ್ಪ ಸಿದ್ದಗಂಗಯ್ಯ ಬದುಕಿದ್ದಾಗ ಮಾಡಿದ್ದ ಅಪ್ಪಣೆ.

ಆವತ್ತು ಗುರುವಾರ. ಊರವರು ಆಡಿಕೊಳ್ಳುತ್ತಿದ್ದದ್ದನ್ನು ನೆನೆದು, ಅಕ್ಕನನ್ನು ಕೇಳದೆ ತಾನೇ ಬರೆದಿದ್ದ ಸಾಲನ್ನು ನಾಗಲಿಂಗಯ್ಯ ಕನ್ನಡಕ ಏರಿಸಿಕೊಂಡು ಓದಿದ:

‘ಆ ಪ್ಲೇಗಿನ ವರ್ಷದಲ್ಲಿ ನಮ್ಮ ಹಿರಿಯಣ್ಣನಾದ ಅಡವಯ್ಯನು ಮಗ್ಗದ ಗುಂಡಿಯಲ್ಲಿ ಸತ್ತ ಇಲಿ ಬಿದ್ದುದನ್ನು ಕಂಡೂ, ಕೆಲಸದ ದುರಾಸೆಯಿಂದ ಅದನ್ನು ಮುಚ್ಚಿಟ್ಟು, ತಾನೂ ಸತ್ತು, ತನ್ನ ಶಿಶುವನ್ನೂ ಹೆತ್ತ ತಾಯಿಯನ್ನೂ ಕೊಂದು, ಮನೆತನಕ್ಕೆ ಕಳಂಕವನ್ನು ತಂದನು.’

ಓದಿ ತಲೆಯೆತ್ತಿದ. “ಸರಿಯಾಗೈತಾ ಅಕ್ಕಯ್ಯ? ಈ ಒಂದು ಅಧ್ಯಾಯ ಆದ್ರೆ ಮುಗೀತು. ಸೋಮವಾರ ಮಠಕ್ಕೆ ಹೊಂಟುಬುಡಾದೇಯ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚನ್ನಮಲ್ಲಮ್ಮ ಹೆಗಲು ಮುಟ್ಟಿಕೊಳ್ಳಲಿಲ್ಲ, ತನ್ನ ಬಲಗೈ ನೋಡಿಕೊಂಡಳು. ಇಲಿಯ ಬಾಲ ಹಿಡಿದದ್ದು ಆ ಕೈ.

ಅಯ್ಯೋ, ಅದು ಹೇಗೆ ನಡೆಯಿತು ಅಂದರೆ, ಹೇಳಲಿಕ್ಕೆ ಎಷ್ಟೂ ಇಲ್ಲ. ನಲವತ್ತೊಂದು ವರ್ಷದ ಹಿಂದೆ. ಚನ್ನಿಗೆ ಹದಿಮೂರು. ಎಂಟು ದಿನಕ್ಕೆ ಮದುವೆ. ಈ ಮನೆಯ ಹೆಣ್ಣು ಹಸೆಗೆ ಏರುವುದು ಅಣ್ಣ ನೇಯ್ದ ಸೀರೆ ಉಟ್ಟೇ. ಅದೂ ದೊಡ್ಡ ಮಗ್ಗದಲ್ಲೇ ನೇಯ್ದದ್ದು. ಅಡವಯ್ಯ ಕೂತು ನೇಯುತ್ತಿದ್ದ: ಕೆಂಪು ಒಡಲು, ಹಸಿರು ಅಂಚು, ಅಂಚಿನ ತುಂಬ ಮಾವಿನಕಾಯಿ. ಮೂರು ಮೊಳ ಬಾಕಿ ಇತ್ತು. ಚನ್ನಿ ಗಳಿಗೆಗೊಂದು ಸಲ ಬಂದು ಮೊಳ ಹಾಕಿ ನೋಡುತ್ತಿದ್ದಳು. “ನಿನ್ನ ಕಣ್ಣೇ ಬಿದ್ದು ಎಳೆ ಕಿತ್ತೋದಾವು, ನಡಿಯೇ ಆಚೆ” ಅಂತ ಅಣ್ಣ ನಗುತ್ತಿದ್ದ. ಅವನ ಒಂದೂವರೆ ವರ್ಷದ ಮಗ ಶಂಕರಲಿಂಗ ಅಪ್ಪನ ತೊಡೆಯ ಮೇಲೆ ಕೂತು ಓಡುವ ಲಾಳಿಗೆ ಕೈ ಚಾಚುತ್ತಿದ್ದ.

ಒಂದು ಬೆಳಗ್ಗೆ ಮಗ್ಗದ ಕೋಣೆ ಗುಡಿಸಲು ಹೋದ ಚನ್ನಿ ಗುಂಡಿಯೊಳಗೆ ಸತ್ತ ಇಲಿ ಕಂಡಳು. ಇಲಿ ಬಿತ್ತು ಅಂದರೆ ಏನೆಂದು ಊರಿನ ಕೂಸಿಗೂ ಗೊತ್ತಿದ್ದ ಕಾಲ. ಹೇಳಿದರೆ ಆ ಕ್ಷಣವೇ ಮನೆ ಖಾಲಿ ಮಾಡಿ ಊರಾಚೆ ಜೋಪಡಿಗೆ ಹೋಗಬೇಕು, ಸೀರೆಯನ್ನು ಇದ್ದಲ್ಲಿಗೇ ಕೊಯ್ಯಬೇಕು. ಅರ್ಧಕ್ಕೆ ಕೊಯ್ದ ಧಾರೆ ಸೀರೆ ಉಟ್ಟರೆ ಬಾಳೂ ಅರ್ಧಕ್ಕೇ ಅಂತ ಅವ್ವ ನೂರು ಸಲ ಹೇಳಿದ್ದಳು. ಚನ್ನಿ ಇಲಿಯ ಬಾಲ ಹಿಡಿದಳು, ಹಿತ್ತಲಿಗೆ ಓಡಿದಳು, ಬೇಲಿಯ ಕಳ್ಳಿಯಾಚೆ ಎಸೆದಳು, ಕೈ ತೊಳೆದುಕೊಂಡಳು. ಯಾರಿಗೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣಯ್ಯ ಬಂದು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ.

ಮೂರನೆಯ ದಿನ ಸೀರೆ ಮುಗಿಯಿತು. ಅಡವಯ್ಯ ತಾನೇ ಕೊಯ್ದು, ಮಡಿಸಿ, ತಂಗಿಯ ಕೈಗಿಟ್ಟ. ನಾಲ್ಕನೆಯ ದಿನ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಪ್ಲೇಗಿನ ಜಮೇದಾರ ಬಂದು ಅಂಗಳದಲ್ಲಿ ನಿಂತು ಗದರಿದ, “ಇಲಿ ಎಲ್ಲಿ ಬಿದ್ದಿತ್ತು? ಮುಚ್ಚಿಟ್ಟೋರು ಯಾರು?” ಚನ್ನಿ ಕಂಬದ ಹಿಂದಕ್ಕೆ ಸರಿದುಕೊಂಡಳು. ಆಗ ಒಳಗಿನ ಚಾಪೆಯಿಂದ ಅಡವಯ್ಯನ ದನಿ ಬಂತು: “ನಾನೇ ಸ್ವಾಮಿ. ಗುಂಡೀಲಿ ಬಿದ್ದಿತ್ತು. ನಾನೇ ಎತ್ತಿ ಬಿಸಾಕ್ದೆ.”

ಎರಡು ದಿನಕ್ಕೆ ಅವನು ಹೋದ. ಆಮೇಲೆ ಶಂಕರ. ಆಮೇಲೆ ಅವ್ವ. ಮೂರು ಹೆಣ ಹೊತ್ತ ಸಿದ್ದಗಂಗಯ್ಯ, ಗಂಡ ಮಾಡಿದ್ದು ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ ಅಂತ ಸೊಸೆ ಶಿವರುದ್ರಮ್ಮನನ್ನು ಗಾಡಿ ಹತ್ತಿಸಿ ಅವಳ ತವರು ನಿಡುಗಲ್ಲಿಗೆ ಅಟ್ಟಿಬಿಟ್ಟ. ಹತ್ತೊಂಬತ್ತು ವರ್ಷದ ಹುಡುಗಿ, ಗಂಡನನ್ನೂ ಮಗುವನ್ನೂ ಒಂದೇ ವಾರದಲ್ಲಿ ಮಣ್ಣು ಮಾಡಿದವಳು. ಆ ಮೇಲೆ ಈ ಮನೆಯ ಒಂದು ನಾಯಿಯೂ ಆ ಕಡೆ ತಲೆ ಹಾಕಲಿಲ್ಲ. ವರ್ಷ ಕಳೆದು ಚನ್ನಿಯ ಮದುವೆಯಾಯಿತು, ಅದೇ ಸೀರೆ ಉಟ್ಟು.

ಹಾಗಾದರೆ ಇಷ್ಟು ವರ್ಷ ಚನ್ನಮಲ್ಲಮ್ಮನಿಗೆ ಅನ್ನ ಇಳಿದದ್ದು ಹೇಗೆ, ನಿದ್ದೆ ಬಂದದ್ದು ಹೇಗೆ ಅಂತ ಕೇಳಬಹುದು. ಮನುಷ್ಯರಿಗೆ ಬದುಕುವುದಕ್ಕೆ ಏನಾದರೂ ಒಂದು ಹಿಡಿಕೆ ಸಿಕ್ಕುತ್ತದೆ. ಅಣ್ಣಯ್ಯ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ನಾನೇ ಎಸೆದೆ ಅಂದನೆಂದರೆ ಎಸೆದೇ ಇರಬೇಕು. ಹಾಗಾದರೆ ಇನ್ನೊಂದು ಇಲಿ ಬಿದ್ದಿರಬೇಕು! ತಾನು ಎಸೆದದ್ದು ಮೊದಲನೆಯದು, ಅಣ್ಣಯ್ಯ ಕಂಡು ಎಸೆದದ್ದು ಎರಡನೆಯದು. ತಾನು ಹೇಳಿದ್ದರೂ ಹೇಳದಿದ್ದರೂ ಅವನಿಗೆ ಗೊತ್ತೇ ಆಗಿತ್ತು, ಅವನೂ ಮುಚ್ಚಿಟ್ಟ, ತಪ್ಪು ಇಬ್ಬರದೂ. ಆ ಎರಡನೆಯ ಇಲಿಯನ್ನು ಎದೆಗೆ ಅವುಚಿಕೊಂಡು ಅವಳು ನಲವತ್ತೊಂದು ವರ್ಷ ತಳ್ಳಿದಳು. ಯಾರನ್ನೂ ಕೇಳಲಿಲ್ಲ. ಕೇಳಿದರೆ ಅದು ಇಲ್ಲವಾದೀತು ಅನ್ನುವ ಭಯ.

ಈಗ ಪುಸ್ತಕ ಬಂದು ಕೂತಿತ್ತು. ಹೆಸರು ನುಂಗಿಕೊಂಡಿದ್ದು ಒಂದು ತೂಕ. ‘ಕೊಂದನು’ ಅಂತ ಮಸಿಯಲ್ಲಿ ಬರೆದು ಮಠದಲ್ಲಿ ಇಡುವುದು ಬೇರೆಯೇ ತೂಕ. ಎರಡನೆಯ ಇಲಿ ಇದ್ದರೆ ಸರಿ, ಇಲ್ಲದೇ ಹೋದರೆ?

“ಆ ಸಾಲು ಹಂಗೇ ಇರ್ಲಿ, ಮುಂದುಕ್ಕೆ ಬರೀಬ್ಯಾಡ” ಅಂದಳು. “ನಾನು ನಿಡುಗಲ್ಲಿಗೆ ಹೋಗಿ ಬತ್ತೀನಿ.”

“ಯಾಕಕ್ಕಯ್ಯ? ಅವನೇ ಒಪ್ಕಂಡು ಸತ್ತಿದ್ದಲ್ವಾ? ಈಗ ಆಯಮ್ಮನ್ನ ಏನಂತ ಕೇಳ್ತೀಯ?”

“ಬಂದ್ ಮ್ಯಾಲೆ ಹೇಳ್ತೀನಿ ಬುಡು” ಅಂದವಳು ಒಂದು ಸೀರೆ ಗಂಟು ಕಟ್ಟಿಕೊಂಡು ಹೊರಟೇಬಿಟ್ಟಳು.

ಪಾವಗಡದವರೆಗೆ, ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುವ ಬಸ್ಸು. ಯುದ್ಧದ ಕಾಲದ ಬಸ್ಸಿನ ಚಂದ ಹೇಳತೀರದು; ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು. ಪಾವಗಡದಲ್ಲಿ ಪಾಲಪ್ಪ ಅನ್ನುವವನ ಗಾಡಿ ಸಿಕ್ಕಿತು. ಅರ್ಧ ತೆಲುಗು, ಅರ್ಧ ಕನ್ನಡ, ಬಾಯಿಗೆ ಬೀಗವಿಲ್ಲ. “ರುದ್ರಮ್ಮನ ಮನೆಗಾ ತಲ್ಲೀ? ಶಾನೆ ಗಟ್ಟಿ ಮನಿಸಿ ಆಯಮ್ಮ. ಒಂದು ದಿನ ಕಣ್ಣೀರು ಹಾಕಿದ್ದು ನಾ ಕಾಣೆ. ನೀವೇನಾಗ್ಬೇಕು?” ಚನ್ನಮಲ್ಲಮ್ಮ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಏನಾಗಬೇಕು ಅಂತ ಹೇಳುವುದು?

ಬೆಟ್ಟದ ಬುಡದಲ್ಲಿ ಮಣ್ಣಿನ ಮಾಳಿಗೆ ಮನೆ. ಜಗಲಿಯ ಮೇಲೆ ನೆರೆತ ತಲೆಯ ಹೆಂಗಸೊಬ್ಬಳು ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ಗಾಡಿ ಇಳಿದವಳನ್ನು ಒಂದು ಸಲ ನೋಡಿದಳು, ಅಷ್ಟೇ.

“ಬಂದ್ಯಾ ಚನ್ನಿ” ಅಂದಳು. “ನಲವತ್ತೊಂದು ವರ್ಷ ಹಿಡೀತಲ್ಲೇ. ಮಧುಗಿರಿ ಅಷ್ಟು ದೂರಾನಾ?”

ಚನ್ನಮಲ್ಲಮ್ಮ ಜಗಲಿಯ ಅಂಚಿಗೆ ಕೂತಳು. ಶಿವರುದ್ರಮ್ಮ ಒಳಗೆ ಹೋಗಿ ಚೊಂಬಿನಲ್ಲಿ ನೀರು, ಅಂಗೈಯಗಲ ಬೆಲ್ಲ ತಂದಿಟ್ಟಳು. ಮತ್ತೆ ಕೂತು ಕಾಯಿ ಸುಲಿಯತೊಡಗಿದಳು. ಚನ್ನಮಲ್ಲಮ್ಮ ಬಸ್ಸಿನ ಕಥೆ ತೆಗೆದಳು, ನೂಲಿನ ಕಂಟ್ರೋಲಿನ ಕಥೆ ತೆಗೆದಳು, ತಮ್ಮನ ಪುಸ್ತಕದ ಕಥೆ ತೆಗೆದಳು. ಅತ್ತಿಗೆ ಹೂಂ ಅಂದಳೇ ಹೊರತು ತಲೆಯೆತ್ತಲಿಲ್ಲ. ಸುತ್ತಿ ಬಳಸಿ ಸಾಕಾಗಿ ಕೊನೆಗೆ ಕೇಳಿಯೇಬಿಟ್ಟಳು:

“ಅತ್ತಿಗೆಮ್ಮ, ಆವತ್ತು ಗುಂಡೀಲಿ ಎಷ್ಟು ಇಲಿ ಬಿದ್ದಿದ್ವು?”

ಸುಲಿಯುವ ಕೈ ನಿಂತಿತು.

“ಒಂದೇ.”

“ಅಣ್ಣಯ್ಯ ಎತ್ತಿ ಎಸೆದಿದ್ದು…”

“ನಿಮ್ಮಣ್ಣಯ್ಯ ಯಾವ ಇಲೀನೂ ಎಸೀಲಿಲ್ಲ. ಹಿತ್ಲಾಗೆ ಮುಖ ತೊಳೀತಾ ನಿಂತಿದ್ರು. ನೀನು ಬಾಲ ಹಿಡ್ಕಂಡು ಓಡಿದ್ದು, ಕಳ್ಳಿ ಆಚೆ ಎಸ್ದಿದ್ದು, ಎಲ್ಲಾ ಕಂಡ್ರು. ಒಳಗೆ ಬಂದು ನಂಗೆ ಹೇಳುದ್ರು, ‘ನಮ್ಮ ಚನ್ನಿ ಇಲಿ ಎಸುದ್ಲು ಕಣೆ. ಮೂರು ಮೊಳ ಬಾಕಿ, ಆಸೆ ಬಿದ್ದದೆ ಮಗ. ಮೂರು ದಿನ ಅಲ್ವಾ, ಮುಗ್ಸಿ ಆಮ್ಯಾಲೆ ನಾನೇ ಹೋಗಿ ಹೇಳ್ತೀನಿ’ ಅಂತ. ನಾನು ಬ್ಯಾಡ ಅಂದೆ, ಕಾಲು ಹಿಡ್ಕಂಡೆ. ಕೇಳಲಿಲ್ಲ. ಹೋಗಿ ಅದೇ ಗುಂಡೀಲಿ ಕಾಲಿಟ್ರು.”

ಅವನು ಕಂಡಿದ್ದ. ಕಂಡೂ ನಗುತ್ತ ಸೀರೆ ಮಡಿಸಿ ಕೈಗಿಟ್ಟಿದ್ದ.

“ಜಮೇದಾರ ಕೇಳ್ದಾಗ… ಯಾಕೆ ಅಂಗಂದ್ರು?”

“ಮನೆಗೆ ಪ್ಲೇಗು ತಂದ ಹೆಣ್ಣು ಅಂತ ಹೆಸ್ರು ಬಿದ್ರೆ ನಿನ್ನ ಯಾವನು ಕಟ್ಕಂತಾನೆ ಅಂತ. ಸಾಯೋ ಹಿಂದಿನ ದಿನ ನನ್ನ ಕೈಲಿ ಲಿಂಗ ಮುಟ್ಟಿಸಿ ಆಣೆ ಹಾಕಿಸ್ಕಂಡ್ರು. ‘ಅವಳಾಗೇ ಬಂದು ಕೇಳಿದ್ರೆ ಹೇಳು, ಕೇಳ್ದೇ ಇದ್ರೆ ಯಾರಿಗೂ ಹೇಳ್ಬ್ಯಾಡ.’ ನಿಮ್ಮಪ್ಪ ಗಾಡಿ ಹತ್ಸುವಾಗ ನೀನು ಕಂಬದ ಹಿಂದೆ ನಿಂತಿದ್ದೆ. ಈಗ ಕೇಳ್ತಾಳೆ, ಈಗ ಕೇಳ್ತಾಳೆ ಅಂತ ತಿರುಗಿ ತಿರುಗಿ ನೋಡಿದ್ದೆ ಕಣೆ. ಆಮ್ಯಾಲೂ ಕಾದೆ. ಗಾಡಿ ಸದ್ದಾದಾಗೆಲ್ಲ ಎದ್ದು ನೋಡೀನಿ.”

ಚನ್ನಮಲ್ಲಮ್ಮ ಜಗಲಿಯಿಂದ ಜಾರಿ ಅವಳ ಪಾದಕ್ಕೆ ಬಿದ್ದಳು. ಶಿವರುದ್ರಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಕಾಲು ಹಿಡೀಬ್ಯಾಡ. ಹೋಗ್ಲಿ ಬುಡು ಅನ್ನೋ ಮಾತು ನನ್ನ ಬಾಯಲ್ಲಿ ಬರಾಕಿಲ್ಲ. ಅವರು ಹೋಗಿದ್ದು ತಡ್ಕಂಡೆ, ಗೊತ್ತಿದ್ದೂ ಗುಂಡಿಗಿಳಿದ್ರು. ನನ್ನ ಶಂಕ್ರಂಗೇನು ಗೊತ್ತಿತ್ತೇ ಚನ್ನಿ? ಅಪ್ಪನ ತೊಡೆ ಮ್ಯಾಲೆ ಕೂತಿತ್ತು ಕೂಸು.”

ಅಷ್ಟು ಹೇಳಿ ಮುಖ ಬೆಟ್ಟದ ಕಡೆ ತಿರುಗಿಸಿಕೊಂಡಳು. ಪಾಲಪ್ಪ ಕಂಡಿರದ ಕಣ್ಣೀರು ಆವತ್ತು ಬಂತು, ಸದ್ದಿಲ್ಲದೆ. ಒರೆಸಿಕೊಳ್ಳಲೂ ಇಲ್ಲ.

ಚನ್ನಮಲ್ಲಮ್ಮ ನೆಲದಲ್ಲೇ ಕೂತು ಕೇಳಿದಳು, “ನಾನೀಗ ಏನ್ ಮಾಡ್ಲಿ ಅತ್ತಿಗೆಮ್ಮ?”

“ಕೆಚ್ಚುವಾಗ ಅವರ ಹೆಸ್ರು ಹೇಳ್ತೀರಾ?”

ಚನ್ನಮಲ್ಲಮ್ಮ ತಲೆ ತಗ್ಗಿಸಿದಳು.

“ಹೂಂ. ಗೊತ್ತಿತ್ತು. ಅಷ್ಟು ಮಾಡಿದ್ರೆ ಸಾಕು, ಇನ್ನೇನೂ ಬ್ಯಾಡ. ಏಳು, ಕೈ ತೊಳಿ. ಬಂದೋರ್ನ ಉಪಾಸ ಕಳ್ಸೋ ಮನೆ ಅಲ್ಲ ಇದು.”

ಮುದ್ದೆ ಹಾಕಿದಳು, ಸಾರು ಬಿಟ್ಟಳು, ಎದುರಿಗೇ ಕೂತಳು. ಅವಳು ಬೈದಿದ್ದರೆ, ಹೊಡೆದಿದ್ದರೆ, ಹೇಗೋ ಸಹಿಸಬಹುದಿತ್ತು. ಆ ಒಂದು ಮುದ್ದೆ ನುಂಗುವಷ್ಟರಲ್ಲಿ ಚನ್ನಮಲ್ಲಮ್ಮನಿಗೆ ಪ್ರಾಣ ಹೋಗಿ ಬಂದಂತಾಯಿತು.

ಭಾನುವಾರ ಮಧ್ಯಾಹ್ನ ಮಧುಗಿರಿಗೆ ಬಂದು ತಲುಪಿದಳು. ಕಾಲು ತೊಳೆದುಕೊಳ್ಳದೆ ತಮ್ಮನ ಎದುರು ಕೂತು, ಒಂದಕ್ಷರ ಮುಚ್ಚಿಡದೆ ಹೇಳಿದಳು. ನಾಗಲಿಂಗಯ್ಯ ಕೇಳುತ್ತ ಕೇಳುತ್ತ ಕನ್ನಡಕ ತೆಗೆದ. ಮಾತೆಲ್ಲ ಮುಗಿದ ಮೇಲೆ, “ಅವ್ವ…” ಅಂದ. ಅವ್ವ ಸತ್ತಾಗ ಅವನಿಗೆ ಏಳು ವರ್ಷ. ಅನ್ನ ಕಲಸಿ ಬಾಯಿಗಿಟ್ಟು ಸಮಾಧಾನ ಮಾಡಿದವಳು ಈ ಅಕ್ಕನೇ. ಅವನು ಎದ್ದು ಹಿತ್ತಲಿಗೆ ಹೋದ, ಬೇಲಿಯ ಹತ್ತಿರ ಸುಮಾರು ಹೊತ್ತು ನಿಂತಿದ್ದ, ವಾಪಸ್ಸು ಬಂದ.

“ನೀನಾಗ ಮಗು ಅಕ್ಕಯ್ಯ” ಅಂದ.

“ಶಂಕ್ರನೂ ಮಗೂನೇ. ಪುಸ್ತಕ ತಗಿ. ನಾನು ಹೇಳ್ದಂಗೆ ಬರಿ.”

“ಮಠಕ್ಕೆ ಹೋಗೋ ಪುಸ್ತಕ ಕಣಕ್ಕಯ್ಯ. ನಾಳೆ ಮೊಮ್ಮಕ್ಳು ಮರಿಮಕ್ಳು ಓದ್ತಾರೆ. ನಿನ್ನ ಹೆಸ್ರು ಅದ್ರಾಗೆ ಅಂಗೆ…”

“ಇಷ್ಟ್ ದಿನ ಅಣ್ಣಯ್ಯಂದು ಇತ್ತಲ್ಲ, ಆಗ ಯಾಕೆ ಈ ಮಾತು ಬರ್ಲಿಲ್ಲ ನಿಂಗೆ? ಬರಿಯೋ.”

ಅವನು ಪುಸ್ತಕ ಬಿಚ್ಚಿದ. ಮಣೆಯ ಮೇಲೆ ಬಾಗಿದ. ಅವಳು ಹೇಳುತ್ತ ಹೋದಳು, ಅವನ ಕೈ ಹಾಳೆಯ ಮೇಲೆ ಓಡುತ್ತ ಹೋಯಿತು. ಮುಗಿದ ಮೇಲೆ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು ಓದಿ ಹೇಳಿದ:

‘ಹಿಂದೆ ಬರೆದ ಸಾಲು ಸುಳ್ಳು. ಗುಂಡಿಯಲ್ಲಿ ಇಲಿ ಬಿದ್ದದ್ದನ್ನು ಮೊದಲು ಕಂಡು, ಎಸೆದು, ಮುಚ್ಚಿಟ್ಟವಳು ತಂಗಿಯಾದ ಚನ್ನಮಲ್ಲಮ್ಮ. ಸೀರೆಯ ಆಸೆಗೆ ಮುಚ್ಚಿಟ್ಟಳು. ಅಣ್ಣನಾದ ಅಡವಯ್ಯನು ಅವಳ ಮೇಲಿನ ಪ್ರೀತಿಗೆ ಗುಂಡಿಯಲ್ಲಿ ಕಾಲಿಟ್ಟು, ಅವಳ ತಪ್ಪನ್ನು ತಾನು ಹೊತ್ತುಕೊಂಡು ಸತ್ತನು. ಅವನ ಹೆಂಡತಿ ಶಿವರುದ್ರಮ್ಮನಿಗೆ ಈ ಮನೆಯವರು ಅನ್ಯಾಯ ಮಾಡಿದರು.’

“ಆಯ್ತಾ? ಸರಿಯಾಗೈತಾ?” ಅಂದ. ಪುಸ್ತಕ ಮುಚ್ಚಲು ಹೋದ.

ಚನ್ನಮಲ್ಲಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅಕ್ಷರ ಬರದು, ನಿಜ. ಕಿವಿ ಕೇಳುತ್ತಿತ್ತಲ್ಲ. ಎರಡು ತಿಂಗಳಿಂದ ದಿನಾ ಕೇಳಿ ಕೇಳಿ ತಲೆ ಚಿಟ್ಟು ಹಿಡಿಸಿದ್ದ ಆ ಟಕ್ ಟಕ್ ಇವತ್ತು ಒಂದು ಸಲವೂ ಕೇಳಿರಲಿಲ್ಲ. ಕೈ ಚಾಚಿ ಮಸಿ ಕುಡಿಕೆ ಮುಟ್ಟಿದಳು. ಮುಚ್ಚಳ ಗುರುವಾರ ಮುಚ್ಚಿದ ಹಾಗೇ ಬಿಗಿಯಾಗಿತ್ತು. ಬರಿಯ ಲೇಖನಿ ಆಡಿಸಿದ್ದ, ಅವಳು ಹೇಳಿದ್ದನ್ನೇ ನೆನಪಿನಿಂದ ಓದಿದ್ದ.

ಅವಳಿಗೆ ಸಿಟ್ಟು ಬರಲಿಲ್ಲ. ಹೊಟ್ಟೆಯೊಳಗಿಂದ ಒಂದು ಅಳು ಕಿತ್ತುಕೊಂಡು ಬಂತು, ನಲವತ್ತೊಂದು ವರ್ಷದ್ದು.

“ನಾಗ, ನನ್ನಪ್ಪ, ಒಬ್ಬ ಅಣ್ಣ ನನ್ನ ಉಳ್ಸಾಕೆ ಸುಳ್ಳು ಹೇಳಿ ಸತ್ತ. ನೀನೂ ಅದ್ನೇ ಮಾಡ್ಬ್ಯಾಡ ಕಣೋ. ನನ್ನ ಕೈಲಿ ಇನ್ನ ಹೊರಾಕಾಗಲ್ಲ. ಮಸಿ ಅದ್ದು.”

ನಾಗಲಿಂಗಯ್ಯ ಐವತ್ತರ ಹತ್ತಿರದ ಗಂಡಸು, ಕೂಸಿನ ಹಾಗೆ ಗೊಳೋ ಅಂತ ಅತ್ತ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಮುಚ್ಚಳ ತಿರುಗಿಸಿ ತೆಗೆದ. ಅದ್ದಿದ. ಟಕ್ ಟಕ್. ಹಳೆಯ ಸಾಲಿನ ಮೇಲೆ ಅಡ್ಡ ಗೀರು ಎಳೆದ. ಮತ್ತೆ ಅದ್ದಿದ. ಅವಳು ಒಂದೊಂದೇ ಮಾತನ್ನು ಮತ್ತೆ ಹೇಳಿದಳು, ಒಂದೊಂದಕ್ಕೂ ಕುಡಿಕೆಯ ಸದ್ದು ಕೇಳಿಸಿಕೊಂಡೇ ಮುಂದಿನದಕ್ಕೆ ಹೋದಳು. ಹೊತ್ತು ಇಳಿಯಿತು.

ಎಲ್ಲ ಬರೆದಾದ ಮೇಲೆ ಅಂದಳು, “ಗುಂಡೀಲಿ ಕಾಲಿಟ್ಟೋರ ಹೆಸ್ರಿನ ಪಟ್ಟಿ ಬರ್ದಿದ್ದೀಯಲ್ಲ, ಅಲ್ಲಿ ಅಪ್ಪನ ಕೆಳಗೆ ಅಣ್ಣಯ್ಯನ ಹೆಸ್ರು ಸೇರ್ಸು.”

ಸೇರಿಸಿದ.

“ಅದ್ರ ಕೆಳಗೆ ಇನ್ನೊಂದು. ಶಂಕರಲಿಂಗ ಅಂತ.”

ನಾಗಲಿಂಗಯ್ಯ ಲೇಖನಿ ಹಿಡಿದು ಅನುಮಾನಿಸಿದ. “ಒಂದೂವರೆ ವರ್ಷದ ಕೂಸು ಅದು. ಅವನು ನೇಯ್ದೋನಲ್ವಲ್ಲ ಅಕ್ಕಯ್ಯ.”

“ನೇಯ್ತಿದ್ದ ಕಣೋ” ಅಂದಳು ಚನ್ನಮಲ್ಲಮ್ಮ. “ನಾನು ಬುಟ್ಟಿದ್ರೆ ನೇಯ್ತಿದ್ದ.”

ನಾಗಲಿಂಗಯ್ಯ ಮಸಿ ಅದ್ದಿ ಆ ಹೆಸರನ್ನೂ ಬರೆದ.